ಮುಗ್ಗಲು ವಾಸನೆಯೂ ಅತ್ತರಿನ ಸೀಸೆಯೂ

ಅಡುಗೆಯ ಅನಿಲಕ್ಕೆ ಸ್ವಂತ ವಾಸನೆಯು ಇಲ್ಲವೆನ್ನುವಷ್ಟು ಅಲ್ಪ. ಸಿಲಿಂಡರಿನಿಂದ ಅದು ಸೋರಿದರೆ ನಮಗೆ ತಿಳಿಯಲೆಂದೇ ಈಥೈಲ್ ಮರ್ಕ್ಯಾಪ್ಟನ್ ಎಂಬ ನಾತದ ವಸ್ತುವನ್ನು ಬೆರೆಸಿ ಕಳುಹಿಸುತ್ತಾರೆ. ಅಡುಗೆಮನೆಯಲ್ಲಿ ಹೀಗೆ ಹಣ ತೆತ್ತು ದುರ್ವಾಸನೆಯನ್ನು ಕೊಳ್ಳುವ ನಾವೇ ಕಾರಿನಲ್ಲಿ ಹಣ ತೆತ್ತು ಅದನ್ನು ಮುಚ್ಚಿಡುತ್ತೇವೆ. ಹವಾನಿಯಂತ್ರಕವನ್ನು ಹಾಕಿದೊಡನೆ ಮುಗ್ಗಲು ವಾಸನೆ ಮೂಗಿಗೆ ಬಡಿದರೆ, ಮಲ್ಲಿಗೆಯದೋ ನಿಂಬೆಯದೋ ಪರಿಮಳದ ಸೀಸೆಯೊಂದನ್ನು ತಂದು ಗಾಳಿಕಿಂಡಿಗೆ ಸಿಕ್ಕಿಸಿ, ಕೆಲಸ ಮುಗಿಯಿತೆಂದು ತಿಳಿಯುತ್ತೇವೆ. ಇದು ಬರಿಯ ದುಂದುಗಾರಿಕೆಯಲ್ಲ, ಅಪಾಯಕ್ಕೂ ಎಡೆಗೊಡುವ ಅಭ್ಯಾಸವೆಂದು ನನ್ನ ಅಭಿಪ್ರಾಯ.

ಈ ವಾಸನೆಯ ಮೂಲ ನೀರು. ಕಾರಿನ ಡ್ಯಾಷ್‌ಬೋರ್ಡಿನ ಹಿಂದೆ, ಗ್ಯಾರೇಜಿನವರು ಕೂಲಿಂಗ್ ಕಾಯಿಲ್ ಎಂದು ಕರೆಯುವ ಅಲ್ಯೂಮಿನಿಯಮ್ ಸುರುಳಿಯೊಂದು ಅಡಗಿರುತ್ತದೆ. ಫ್ಯಾನು ದೂಡುವ ಗಾಳಿಯು ಅದರ ತೆಳುವಾದ ರೆಕ್ಕೆಗಳ ನಡುವೆ ಹಾದು ತಣಿಯುತ್ತದೆ. ತುಷಾರಬಿಂದುವಿಗಿಂತ ಕೆಳಗಿಳಿದೊಡನೆ ತನ್ನಲ್ಲಿದ್ದ ನೀರಾವಿಯ ಒಂದು ಪಾಲನ್ನು ಅಲ್ಲಿಯೇ ಬಿಟ್ಟುಬಿಡುತ್ತದೆ. ಎಷ್ಟು ನೀರು? ಆಷಾಢದ ಮಂಗಳೂರನ್ನೇ ತೆಗೆದುಕೊಳ್ಳೋಣ. ಉಷ್ಣತೆ ೨೭ ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ ಶೇಕಡ ೯೦ ಎಂದಿಟ್ಟುಕೊಂಡರೆ, ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು ೨೩ ಗ್ರಾಂ ನೀರಾವಿಯಿರುತ್ತದೆ. ೧೦ ಡಿಗ್ರಿಗೆ ತಣಿದ ಗಾಳಿಯಲ್ಲಿ ಸುಮಾರು ೯.೪ ಗ್ರಾಮಿಗಿಂತ ಹೆಚ್ಚು ನಿಲ್ಲದು. ಫ್ಯಾನು ಗಂಟೆಗೆ ೨೦೦ ಘನ ಮೀಟರ್ ಹೊರಗಾಳಿಯನ್ನು ಎಳೆಯುವುದಾದರೆ, ಗಂಟೆಯೊಂದಕ್ಕೆ ಎರಡೂವರೆ ಲೀಟರಿಗೂ ಮಿಕ್ಕಿ ನೀರು! ಹವಾನಿಯಂತ್ರಕವು ತಂಪನ್ನು ಕೊಡುವ ಯಂತ್ರವೆಂದು ನಾವು ಎಣಿಸುತ್ತೇವೆ. ಆದರೆ ವಿಲಿಸ್ ಕ್ಯಾರಿಯರ್ ೧೯೦೨ರಲ್ಲಿ ಅದನ್ನು ರೂಪಿಸಿದುದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಮುದ್ರಣಾಲಯವೊಂದರ ಗಾಳಿಯ ತೇವವನ್ನು ಹತೋಟಿಗೆ ತರಲು. ತೇವಕ್ಕೆ ಕಾಗದವು ಹಿಗ್ಗಿ ಕುಗ್ಗಿ, ಅಲ್ಲಿ ಬಣ್ಣದ ಅಚ್ಚುಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ.

ಸುರುಳಿಯ ನೀರಿನ ಬಹುಭಾಗ ಒಂದು ಕೊಳವೆಯ ಮೂಲಕ ಕಾರಿನ ಅಡಿಯಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ರೆಕ್ಕೆಗಳಿಗೆ ಅಂಟಿ ಉಳಿದುದಕ್ಕೆ ದೂಳು, ಪರಾಗ, ಎಲೆಯ ಚೂರು ಸೇರಿಕೊಳ್ಳುತ್ತವೆ. ಕತ್ತಲೆ, ತೇವ, ಆಹಾರ ಮೂರೂ ದೊರೆತ ಮೇಲೆ ಬೂಷ್ಟಿಗೂ ಬ್ಯಾಕ್ಟೀರಿಯಗಳಿಗೂ ಇನ್ನೇನು ಬೇಕು? ಅವು ಹೊರಬಿಡುವ ಆವಿಗಳೇ ಆ ಮುಗ್ಗಲು. ಮೊದಲ ಮಳೆಗೆ ನೆಲದಿಂದೇಳುವ, ನಮಗೆ ಅಷ್ಟು ಪ್ರಿಯವಾದ ಕಂಪಿನಲ್ಲಿಯೂ ಇಂಥ ಜೀವಿಗಳ ಪಾಲುಂಟು. ಮೂಗಿಗೆ ಹಿತವೋ ಅಹಿತವೋ ಎಂಬುದು ಬೇರೆ ಮಾತು. ಉಬ್ಬಸವಿದ್ದವರಿಗೆ ಬೂಷ್ಟಿನ ಬೀಜಾಣುಗಳು ಮಾತ್ರ ನಿಜವಾಗಿಯೂ ತೊಂದರೆ ಕೊಡುತ್ತವೆ. ಸೀಸೆಯ ಪರಿಮಳ ಅವುಗಳಲ್ಲಿ ಒಂದನ್ನೂ ಕಡಿಮೆ ಮಾಡದು.

ಅದಕ್ಕಿಂತಲೂ ನನ್ನನ್ನು ಕಾಡುವುದು ಇನ್ನೊಂದು. ಕಾರಿನಲ್ಲಿ ಮುಗ್ಗಲೊಂದೇ ವಾಸನೆಯಲ್ಲ. ಪೆಟ್ರೋಲು ಸೋರಿದರೆ ಅದರ ವಾಸನೆ, ತಂತಿಯ ಹೊದಿಕೆ ಸುಟ್ಟರೆ ಅದರ ಕಮಟು, ಹೀಟರಿನ ಸುರುಳಿಯಿಂದ ಎಂಜಿನ್ನಿನ ಶೀತಕದ್ರವ ಜಿನುಗಿದರೆ ಒಂದು ಬಗೆಯ ಸಿಹಿ ವಾಸನೆ, ಹೀಗೆ ಒಂದೊಂದೂ ಒಂದೊಂದು ಸುದ್ದಿಯನ್ನು ತರುತ್ತದೆ. ದಿನವಿಡೀ ಅತ್ತರಿನಲ್ಲಿ ಮುಳುಗಿದ ಮೂಗು ಈ ಸುದ್ದಿಗಳನ್ನು ತಡವಾಗಿ ಕೇಳುತ್ತದೆ, ಅಥವಾ ಕೇಳುವುದೇ ಇಲ್ಲ.

ಹಾಗಾದರೆ ಮಾಡಬೇಕಾದುದೇನು? ಒಣಗಿಸಬೇಕು, ಅಷ್ಟೆ. ಊರು ಮುಟ್ಟಲು ಐದು ಹತ್ತು ನಿಮಿಷವಿರುವಾಗಲೇ ಎ.ಸಿ. ಗುಂಡಿಯನ್ನು ಆರಿಸಿ, ಹೊರಗಾಳಿಯ ಕಿಂಡಿಯನ್ನು ತೆರೆದು, ಫ್ಯಾನನ್ನು ಜೋರಾಗಿ ತಿರುಗಿಸುತ್ತಿರಬೇಕು. ಕಲಬುರಗಿಯ ಬೇಸಗೆಗೆ ಇಷ್ಟೇ ಸಾಕು. ಕರಾವಳಿಯ ಮಳೆಗಾಲಕ್ಕೆ ಸಾಲದು. ಮೇಲಿನ ಲೆಕ್ಕದ ಗಾಳಿಯು ಸಂತೃಪ್ತವಾಗಲು ಘನ ಮೀಟರಿಗೆ ಇನ್ನು ಎರಡೂವರೆ ಗ್ರಾಂ ನೀರಾವಿಯಷ್ಟೇ ಸಾಕು. ತೇವವನ್ನು ಹೀರಲು ಅದರಲ್ಲಿ ಎಡೆಯೇ ಇಲ್ಲ. ಅಲ್ಲಿ ಗಾಳಿಯನ್ನು ಬಿಸಿಮಾಡಬೇಕು. ಆದರೆ ಬಹುತೇಕ ಕಾರುಗಳಲ್ಲಿ ಹೀಟರಿನ ಸುರುಳಿಯು ತಂಪಿನ ಸುರುಳಿಯ ಮುಂದಕ್ಕಿರುವುದರಿಂದ, ಹೊರಗಾಳಿಯನ್ನೇ ಎಳೆಯುತ್ತಿದ್ದರೆ ಬಿಸಿಗಾಳಿಯು ಒದ್ದೆ ರೆಕ್ಕೆಗಳನ್ನು ಮುಟ್ಟುವುದೇ ಇಲ್ಲ! ಆದುದರಿಂದ ಹೊರಗಾಳಿಯ ಕಿಂಡಿಯನ್ನು ಮುಚ್ಚಿ, ಒಳಗಿನ ಬೆಚ್ಚನೆಯ ಗಾಳಿಯೇ ಮರಳಿ ಸುರುಳಿಗೆ ಬರುವಂತೆ ಮಾಡಿ, ಆವಿಯು ಹೊರಹೋಗಲು ಕಿಟಕಿಗಳನ್ನು ಸ್ವಲ್ಪ ಇಳಿಸಬೇಕು. ಕೆಲವು ನಿಮಿಷ ಸೆಕೆಯನ್ನು ಸಹಿಸಬೇಕಾದೀತು. ಇದನ್ನು ಬಯಲಿನಲ್ಲಿಯೇ ಮಾಡಬೇಕು. ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ನನ್ನು ಓಡಿಸಕೂಡದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ, ಮೂಗು ಅಲ್ಲಿ ನಿರುಪಯೋಗಿ.

ಬೂಷ್ಟು ಆಗಲೇ ಬೇರೂರಿದ್ದರೆ ಬಲ್ಲ ಮೆಕ್ಯಾನಿಕ್ಕಿನಿಂದ ಸುರುಳಿಯನ್ನು ತೊಳೆಯಿಸುವುದು ಅನಿವಾರ್ಯ. ಗ್ಲೋವ್ ಬಾಕ್ಸಿನ ಹಿಂದಿರುವ ಕಾಗದದ ಫಿಲ್ಟರನ್ನು ಕೊಡವಿ ಮತ್ತೆ ಹಾಕುವ ಉಳಿತಾಯಬುದ್ಧಿ ಬೇಡ, ಹೊಸದನ್ನೇ ಹಾಕಿಸಬೇಕು. ಇನ್ನು ನೀರಿಳಿಯುವ ಕೊಳವೆ. ಸೆಕೆಯ ದಿನ ಎ.ಸಿ. ಹಾಕಿ ನಿಲ್ಲಿಸಿದ ಕಾರಿನ ಅಡಿಯಲ್ಲಿ ನೀರು ತೊಟ್ಟಿಕ್ಕದೆ, ಮುಂದಿನ ಸೀಟಿನ ಕಾಲಡಿಯ ಹಾಸು ಒದ್ದೆಯಾಗಿದ್ದರೆ ಕೊಳವೆ ಕಟ್ಟಿಕೊಂಡಿರುವ ಸಂಭವವೇ ಹೆಚ್ಚು. ತೊಳೆಯಿಸುವ ಮೊದಲು ಅದನ್ನು ಬಿಡಿಸಬೇಕು. ಇಲ್ಲವಾದರೆ ತೊಳೆದ ನೀರೂ ಒಳಗೇ ನಿಲ್ಲುತ್ತದೆ.