ಆಟಗಾರನ ಕೂಲಿ

ಕಳೆದ ಶ್ರಾವಣದಲ್ಲಿ ಮಠದ ಪ್ರವಚನ ಮುಗಿದು ದಾಸೋಹದ ಪಂಕ್ತಿ ಏಳುವ ಹೊತ್ತಿಗೆ, ನಮ್ಮ ಬಹುಕಾಲದ ಪರಿಚಯದ ಸದ್ಭಕ್ತರೊಬ್ಬರು ಪಕ್ಕಕ್ಕೆ ಬಂದು ಕುಳಿತರು. ಅವರ ಹಿರಿಯ ಮಗ ಆಸ್ಟ್ರೇಲಿಯಾ ದೇಶದ ಉತ್ತರ ಕ್ವೀನ್ಸ್‌ಲ್ಯಾಂಡ್ ಪ್ರಾಂತದ ಟೌನ್ಸ್‌ವಿಲ್ ನಗರದಲ್ಲಿ ವೈದ್ಯರಾಗಿದ್ದಾರೆ. ಯಜಮಾನರು ಪತ್ನೀಸಮೇತರಾಗಿ ಆರು ತಿಂಗಳು ಅಲ್ಲಿದ್ದು ಆಗತಾನೆ ಹಿಂದಿರುಗಿದ್ದರು. ಕುಶಲ ಪ್ರಶ್ನೆಗಳಾದ ಮೇಲೆ ಮನಸ್ಸಿನಲ್ಲಿದ್ದುದನ್ನು ಹೊರಹಾಕಿದರು.

"ಅಲ್ರೀ ಶಾಸ್ತ್ರಿಗಳ, ಚೆಂಡು ಬಗಲಾಗ ಹಿಡಕೊಂಡು ಓಡೂದಕ್ಕ ವರ್ಷಕ್ಕ ಹತ್ತು ಲಕ್ಷ ಡಾಲರ್ ಪಗಾರ ಅಂತ್ರೀ. ಅದೂ ಹತ್ತು ವರ್ಷದ ಕರಾರು. ಇದಕ್ಕ ಕಾಯಕ ಅನ್ನಬೇಕೋ, ಜೂಜು ಅನ್ನಬೇಕೋ?"

ಪ್ರಶ್ನೆ ಬರಿಯ ಕುತೂಹಲದ್ದಲ್ಲವೆಂದು ಅವರ ಮುಖವೇ ಹೇಳುತ್ತಿತ್ತು. ವಿಚಾರಿಸಿದಾಗ ತಿಳಿದ ಸಂಗತಿ ಇದು: ಹದಿನೈದು ವರ್ಷದ ಮೊಮ್ಮಗ ಶಾಲೆಯಲ್ಲಿ ಅದೇ ಆಟವನ್ನು ಆಡುತ್ತಾನೆ, ಚೆನ್ನಾಗಿಯೇ ಆಡುತ್ತಾನೆ. ಕಿರಿಯರ ತಂಡವೊಂದಕ್ಕೆ ಸೇರಿಕೊಳ್ಳುವಂತೆ ಕರೆ ಬಂದಿದೆ. ತಂದೆಗೆ ಮನಸ್ಸಿಲ್ಲ, ತಾಯಿಗೆ ಭಯ, ಹುಡುಗನಿಗೆ ಹಟ. ಅಜ್ಜನ ಆಶೀರ್ವಾದ ಯಾರ ಕಡೆಗೆಂದು ಮನೆಯವರೆಲ್ಲ ಕಾಯುತ್ತಿದ್ದಾರೆ.

ಆ ಆಟದ ಹೆಸರು ರಗ್ಬಿ ಲೀಗ್. ಒಂದೊಂದು ಪಕ್ಷದಲ್ಲಿ ಹದಿಮೂರು ಜನ, ಮೊಟ್ಟೆಯಾಕಾರದ ಚೆಂಡು, ಎಂಬತ್ತು ನಿಮಿಷಗಳ ಹೋರಾಟ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಹೊತ್ತುಕೊಂಡೇ ಮುನ್ನುಗ್ಗಬೇಕು. ನಮ್ಮ ಕಬಡ್ಡಿಯಲ್ಲಿ ಒಳಬಂದವನನ್ನು ನಾಲ್ಕಾರು ಜನ ಸೇರಿ ಕೆಡಹುವಂತೆ ಅಲ್ಲಿಯೂ ಕೆಡಹುತ್ತಾರೆ. ಆರು ಬಾರಿ ಕೆಡಹಿಸಿಕೊಂಡರೆ ಚೆಂಡು ಎದುರು ಪಕ್ಷಕ್ಕೆ ಸಲ್ಲುತ್ತದೆ. ಮೈಗೆ ಕವಚವೆಂಬುದು ಇಲ್ಲವೆಂದೇ ಹೇಳಬಹುದು. ನೂರು ಕಿಲೋ ತೂಗುವ ದೇಹಗಳು ಓಡಿಬಂದು ಒಂದಕ್ಕೊಂದು ಡಿಕ್ಕಿ ಹೊಡೆಯುವುದನ್ನು ಮೊದಲು ನೋಡಿದವರಿಗೆ ಎದೆ ಝಲ್ಲೆನ್ನದೆ ಇರದು.

ಇಂಥ ಆಟಕ್ಕೆ ಕೂಲಿ ಪಡೆಯುವುದು ಯೋಗ್ಯವೆ ಎಂಬ ಪ್ರಶ್ನೆ ಇಂದಿನದಲ್ಲ. ಈ ಆಟ ಹುಟ್ಟಿದ್ದೇ ಆ ಪ್ರಶ್ನೆಯಿಂದ. ಇಂಗ್ಲೆಂಡಿನ ಉತ್ತರ ಭಾಗದ ಗಣಿಗಳಲ್ಲಿ, ಗಿರಣಿಗಳಲ್ಲಿ ದುಡಿಯುತ್ತಿದ್ದವರು ಶನಿವಾರ ರಗ್ಬಿ ಆಡಲು ಹೋದರೆ ಆ ದಿನದ ಕೂಲಿ ಹೋಗುತ್ತಿತ್ತು. ಕಳೆದುಕೊಂಡ ಕೂಲಿಯಷ್ಟನ್ನಾದರೂ ಕಟ್ಟಿಕೊಡಿರೆಂಬ ಬೇಡಿಕೆ 1893ರ ಸಭೆಯಲ್ಲಿ ಬಿದ್ದುಹೋಯಿತು. ಆಟವಾಡಿ ಹಣ ಮುಟ್ಟುವುದು ಕುಲೀನರಿಗೆ ತಕ್ಕುದಲ್ಲವೆಂಬುದು ಆಡಳಿತ ನಡೆಸುತ್ತಿದ್ದವರ ನಿಲುವು. ಅವರಾದರೋ ಕೂಲಿಯ ಹಂಗಿಲ್ಲದವರು. ಶನಿವಾರವೂ ಅವರಿಗೆ ಬಿಡುವೇ, ಸೋಮವಾರವೂ ಬಿಡುವೇ! 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ತಂಡಗಳವರು ಸಭೆ ಸೇರಿ ಬೇರೆಯಾದರು. ದಿನಕ್ಕೆ ಆರು ಶಿಲಿಂಗ್ ಪರಿಹಾರ ಕೊಡುವುದೆಂದು ಗೊತ್ತುಮಾಡಿದರು. ಆ ಒಡಕಿನಿಂದ ಬೆಳೆದುಬಂದುದೇ ರಗ್ಬಿ ಲೀಗ್. ಸಿಡ್ನಿಯಲ್ಲಿಯೂ ಕಥೆ ಹೆಚ್ಚು ಬೇರೆಯಲ್ಲ. 1907ರಲ್ಲಿ ಅಲೆಕ್ಸ್ ಬರ್ಡನ್ ಎಂಬ ಆಟಗಾರ ಗಾಯಗೊಂಡು ದುಡಿಮೆ ತಪ್ಪಿಸಿಕೊಂಡಾಗ ಆಡಳಿತದವರು ಆತನಿಗೆ ಕಾಸು ಕೊಡಲಿಲ್ಲ. ಆ ಅಸಮಾಧಾನವೂ ಸೇರಿಕೊಂಡು ಅಲ್ಲಿ ಹೊಸ ಲೀಗು ಸ್ಥಾಪನೆಯಾಯಿತು. 1908ರಲ್ಲಿ ಪಂದ್ಯಾವಳಿ ಆರಂಭವಾಯಿತು.

ಆದುದರಿಂದ, ಕೂಲಿ ಮುಟ್ಟಿದರೆ ಆಟ ಮೈಲಿಗೆಯಾಗುತ್ತದೆಂಬ ಮಾತನ್ನು ನಾನು ಒಪ್ಪಲಾರೆ. ಯಾವ ದುಡಿಮೆಯೂ ಕೀಳಲ್ಲವೆಂದು ಶರಣರು ಸಾರಿದ ಮೇಲೆ ನಮಗೆ ಆ ವಿಷಯದಲ್ಲಿ ಸಂಕೋಚವಿರಕೂಡದು. ದೇಹವನ್ನು ದಂಡಿಸಿ, ಸಹಸ್ರಾರು ಜನರ ಕಣ್ಣಿಗೆ ಹಬ್ಬವನ್ನುಂಟುಮಾಡುವವನದು ಕಾಯಕವಲ್ಲದೆ ಮತ್ತೇನು? ಪ್ರಶ್ನೆ ಉಳಿಯುವುದು ಎಷ್ಟು ಎಂಬಲ್ಲಿ.

ಯಜಮಾನರು ಹೇಳಿದ ಆಟಗಾರನ ಹೆಸರು ಜೇಸನ್ ತೌಮಲೋಲೊ. 1993ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಜನಿಸಿದವನು; ತಂದೆತಾಯಿಗಳು ಟೋಂಗಾ ದ್ವೀಪದ ಮೂಲದವರು. ಬಾಲ್ಯದಲ್ಲಿಯೇ ಟೌನ್ಸ್‌ವಿಲ್‌ಗೆ ಬಂದು ಬೆಳೆದು, ಹದಿನೇಳನೆಯ ವಯಸ್ಸಿನಲ್ಲಿ, ಅಂದರೆ 2010ರಲ್ಲಿ, ಅಲ್ಲಿನ ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ ತಂಡಕ್ಕೆ ಮೊದಲ ಪಂದ್ಯ ಆಡಿದ. 2015ರಲ್ಲಿ ಆ ತಂಡ ಬ್ರಿಸ್ಬೇನ್ ತಂಡವನ್ನು 17-16ರಿಂದ ಸೋಲಿಸಿ ತನ್ನ ಇತಿಹಾಸದ ಮೊದಲ ಕಿರೀಟ ಧರಿಸಿದಾಗ ಆತನೂ ಅದರಲ್ಲಿದ್ದ. ಮರುವರ್ಷ, ಋತುವಿನ ಶ್ರೇಷ್ಠ ಆಟಗಾರನಿಗೆ ಸಲ್ಲುವ ಡ್ಯಾಲಿ ಎಂ ಪದಕವನ್ನು ಕೂಪರ್ ಕ್ರಾಂಕ್ ಜೊತೆಯಲ್ಲಿ ಹಂಚಿಕೊಂಡ. 2017ರಲ್ಲಿ, ಇಪ್ಪತ್ಮೂರು ವಯಸ್ಸಿನವನೊಡನೆ ತಂಡ ಹತ್ತು ವರ್ಷಗಳ ಕರಾರು ಮಾಡಿಕೊಂಡಿತು. ಮೊತ್ತ, ಪತ್ರಿಕೆಗಳ ವರದಿಯಂತೆ, ಸುಮಾರು ಒಂದು ಕೋಟಿ ಆಸ್ಟ್ರೇಲಿಯಾ ಡಾಲರ್. ವರ್ಷಕ್ಕೆ ಹತ್ತು ಲಕ್ಷ. ಆಗಿನ ದರದಲ್ಲಿ ವರ್ಷಕ್ಕೆ ಐದು ಕೋಟಿ ರೂಪಾಯಿಗಳಷ್ಟು.

ಆತ ಮಾಡುವ ಕೆಲಸ ನೋಡಲು ಅಂದವಾದುದಲ್ಲ. ಗೆಲುವಿನ ಅಂಕ ತಂದುಕೊಡುವ ಚತುರರು ಬೇರೆ ಇರುತ್ತಾರೆ, ಅವರ ಹೆಸರು ಮಕ್ಕಳ ಬಾಯಲ್ಲಿರುತ್ತದೆ. ಈತನದು ಮುಂಚೂಣಿಯ ದುಡಿತ. ಎದುರು ಗೋಡೆಯಂತೆ ನಿಂತವರೊಳಗೆ ನೆಟ್ಟಗೆ ನುಗ್ಗಬೇಕು, ಮೂರು ಜನರ ಅಡಿಗೆ ಬೀಳಬೇಕು, ಎದ್ದು ಹಿಂದಕ್ಕೆ ಹೋಗಿ ಮತ್ತೆ ನುಗ್ಗಬೇಕು. ತನ್ನ ಏರುಗಾಲದಲ್ಲಿ ಒಂದೊಂದು ಪಂದ್ಯದಲ್ಲಿ ಇನ್ನೂರು ಮೀಟರಿಗೂ ಮಿಕ್ಕಿ ಹೀಗೆ ಚೆಂಡು ಹೊತ್ತದ್ದು ಆತನಿಗೆ ಅಪರೂಪವಾಗಿರಲಿಲ್ಲ. ಜೋಡೆತ್ತಿನ ಗಾಡಿ ಕೆಸರಿನಲ್ಲಿ ಹೂತಾಗ ಮೊದಲು ಹೆಗಲು ಕೊಡುವ ಎತ್ತು ಯಾವುದೆಂದು ರೈತನಿಗೆ ಗೊತ್ತಿರುತ್ತದೆ. 2017ರಲ್ಲಿ ನಾಯಕ ಥರ್ಸ್ಟನ್ ಗಾಯಗೊಂಡು ಹೊರಗುಳಿದಿದ್ದರೂ, ಎಂಟನೆಯ ಸ್ಥಾನದಲ್ಲಿದ್ದ ಆ ತಂಡ ಅಂತಿಮ ಪಂದ್ಯದವರೆಗೆ ನಡೆದುಬಂದಿತೆಂದರೆ ಆ ಹೆಗಲಿನ ಪಾಲು ಅಲ್ಪವಲ್ಲ. ಅಲ್ಲಿ ಸೋತರೆಂಬುದು ಬೇರೆ ಮಾತು.

ಈಗ ಆಕ್ಷೇಪದ ಕಡೆಗೆ ಬರೋಣ. ಅಲ್ಲಿಯ ಲೀಗಿನಲ್ಲಿ ಹಣ ಬಾವಿಯ ನೀರಿನಂತಲ್ಲ, ಕೊಡದ ನೀರಿನಂತೆ. ಶ್ರೀಮಂತ ತಂಡವೊಂದೇ ಎಲ್ಲರನ್ನೂ ಕೊಂಡುಕೊಳ್ಳದಿರಲೆಂದು, ಸ್ಯಾಲರಿ ಕ್ಯಾಪ್ ಎಂಬ ಹೆಸರಿನ ವೇತನ ಮಿತಿಯೊಂದನ್ನು ವಿಧಿಸಿದ್ದಾರೆ. 2018ರಲ್ಲಿ ತಂಡದ ಮೂವತ್ತು ಪ್ರಮುಖ ಆಟಗಾರರಿಗೆ ಒಟ್ಟು ಸುಮಾರು 94 ಲಕ್ಷ ಡಾಲರ್. 2023ರ ಹೊತ್ತಿಗೆ ಅದು ಸುಮಾರು 1 ಕೋಟಿ 21 ಲಕ್ಷಕ್ಕೆ ಏರಿತು. ಈ ಲೆಕ್ಕದಲ್ಲಿ ಒಬ್ಬನಿಗೆ ಹತ್ತು ಲಕ್ಷವೆಂದರೆ ಮೊದಲಿಗೆ ಒಂಬತ್ತರಲ್ಲೊಂದು ಪಾಲಿನ ಸಮೀಪಕ್ಕೆ ಬರುತ್ತದೆ. ಉಳಿದ ಇಪ್ಪತ್ತೊಂಬತ್ತು ಜನ ಮಿಕ್ಕುದನ್ನು ಹಂಚಿಕೊಳ್ಳಬೇಕು. ಇಲ್ಲಿಯೇ ತೊಡಕು. ನಾಟಕದ ಕಂಪನಿಯ ನಟನೊಬ್ಬ ಹೆಚ್ಚು ಪಡೆದರೆ ಮಾಲೀಕನ ಲಾಭ ತಗ್ಗೀತು. ಇಲ್ಲಿ ಒಬ್ಬನ ತಟ್ಟೆ ತುಂಬಿದರೆ ಪಕ್ಕದವನ ತಟ್ಟೆಯೇ ಬರಿದಾಗುತ್ತದೆ.

ಆಯ್ದಕ್ಕಿ ಮಾರಯ್ಯನ ಕಥೆ ನಮ್ಮ ಓದುಗರಿಗೆ ಹೊಸತಲ್ಲ. ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ದಿನ ಲಕ್ಕಮ್ಮ ಆತನನ್ನು ಬಾಗಿಲಲ್ಲಿಯೇ ತಡೆದು, ಹೆಚ್ಚಾದುದನ್ನು ಹಿಂದಿರುಗಿಸಿ ಬರುವಂತೆ ಹೇಳಿದಳು. ಯಜಮಾನರೂ ಆ ಕಥೆಯನ್ನೇ ಎತ್ತಿದರು. "ಲಕ್ಕಮ್ಮ ಇದ್ದಿದ್ದರ ಈ ಕರಾರು ಹರದ ಒಗೀತಿದ್ಲೋ ಇಲ್ಲೋ?" ಎಂದು ಕೇಳಿದರು. ಉತ್ತರ ಕೊಡುವುದು ಅಷ್ಟು ಸುಲಭವಲ್ಲ. ಲಕ್ಕಮ್ಮ ಅಳೆದದ್ದು ನಾಳೆಯ ಆಸೆಯನ್ನು. ನಾಳೆಯೂ ಅಂಗಳದಲ್ಲಿ ಅಕ್ಕಿ ಚೆಲ್ಲಿರುತ್ತದೆ, ನಾಳೆಯೂ ಕೈಕಾಲು ಗಟ್ಟಿಯಾಗಿರುತ್ತವೆ ಎಂಬ ಭರವಸೆ ಅವಳಿಗಿತ್ತು. ಈ ಆಟದವನಿಗೆ ಆ ಭರವಸೆಯಿಲ್ಲ. 2014ರ ಮಾರ್ಚಿಯಲ್ಲಿ ನ್ಯೂಕ್ಯಾಸಲ್ ತಂಡದ ಅಲೆಕ್ಸ್ ಮೆಕಿನನ್ ಎಂಬ ಯುವಕನನ್ನು ಮೂವರು ಸೇರಿ ಎತ್ತಿ ಕೆಡಹಿದಾಗ ಕುತ್ತಿಗೆಯ ಮೂಳೆ ಮುರಿಯಿತು. ಆಗ ಆತನಿಗೆ ಇಪ್ಪತ್ತೆರಡು ವರ್ಷ. ಮತ್ತೆ ಆಡಲಿಲ್ಲ, ಗಾಲಿಕುರ್ಚಿ ಹಿಡಿದ. ಹತ್ತು ವರ್ಷದಲ್ಲಿ ಜೀವಮಾನದ ದುಡಿಮೆಯನ್ನು ಮುಗಿಸಬೇಕಾದವನನ್ನು ಅರವತ್ತರವರೆಗೆ ಪಗಾರ ಬರುವ ನೌಕರನ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲ.

ಇನ್ನೂ ಒಂದು ಸಂಗತಿಯನ್ನು ಯಜಮಾನರಿಗೆ ಮಗ ಹೇಳಿರಲಿಲ್ಲ. ಅದೇ 2017ರ ಕೊನೆಯಲ್ಲಿ ವಿಶ್ವಕಪ್ ಪಂದ್ಯಾವಳಿ ನಡೆಯಿತು. ಅಲ್ಲಿಯವರೆಗೆ ತೌಮಲೋಲೊ ನ್ಯೂಜಿಲೆಂಡ್ ಪರವಾಗಿ ಆಡುತ್ತಿದ್ದವನು. ಅದು ಹೆಚ್ಚು ಹಣ ದೊರೆಯುವ ತಂಡ. ಪಂದ್ಯಾವಳಿಗೆ ಮುನ್ನ ಅದನ್ನು ಬಿಟ್ಟು ತಂದೆತಾಯಿಗಳ ನಾಡಾದ ಟೋಂಗಾದ ಅಂಗಿ ತೊಟ್ಟ. ಲಕ್ಷದ ಆಸುಪಾಸು ಜನರಿರುವ ಪುಟ್ಟ ರಾಜ್ಯವದು. ಆಟಗಾರರಿಗೆ ಕೊಡಲು ಬೊಕ್ಕಸದಲ್ಲಿ ಹೆಚ್ಚೇನೂ ಇರಲಿಲ್ಲ. ನವೆಂಬರ್ 11ರಂದು ಹ್ಯಾಮಿಲ್ಟನ್ನಿನಲ್ಲಿ ಟೋಂಗಾ ನ್ಯೂಜಿಲೆಂಡನ್ನು 28-22ರಿಂದ ಸೋಲಿಸಿತು. ಉಪಾಂತ್ಯದಲ್ಲಿ ಇಂಗ್ಲೆಂಡಿಗೆ ಕೇವಲ ಎರಡು ಅಂಕಗಳಿಂದ ಸೋತಿತು. 2019ರಲ್ಲಿ ಆಸ್ಟ್ರೇಲಿಯಾವನ್ನೇ ಮಣಿಸಿತು. ತಂಡದಿಂದ ದೊಡ್ಡ ಕೂಲಿ ಪಡೆದವನೇ ತನ್ನವರ ಬಳಿಗೆ ಕಡಿಮೆ ಕೂಲಿಗೆ ಹೋದನಲ್ಲ, ಇದನ್ನು ಏನೆಂದು ಕರೆಯಬೇಕು? ದಾಸೋಹವೆಂಬ ದೊಡ್ಡ ಮಾತನ್ನು ಆಡಲು ನನಗೆ ಧೈರ್ಯವಿಲ್ಲ. ಆದರೆ ಹಣವೊಂದೇ ಆತನನ್ನು ನಡೆಸುತ್ತಿಲ್ಲವೆಂದಂತೂ ಹೇಳಬಹುದು.

ಕಾಲ ಕಳೆದಂತೆ ಮೊಣಕಾಲು ನೋಯಲಾರಂಭಿಸಿತು. 2023ರ ನಂತರದ ಋತುಗಳಲ್ಲಿ ಆತ ಮೈದಾನದಲ್ಲಿ ಕಳೆಯುವ ನಿಮಿಷಗಳು ಕಡಿಮೆಯಾದವು. ಆಗ ಟೀಕೆ ಮೊದಲಾಯಿತು: ಈತನ ಪಗಾರ ತಂಡಕ್ಕೆ ಹೊರೆ, ಆ ಹಣದಲ್ಲಿ ಇಬ್ಬರು ಒಳ್ಳೆಯ ತರುಣರು ಬರುತ್ತಿದ್ದರು, ಇತ್ಯಾದಿ. ವೈದ್ಯ ಮಗನ ಮನೆಯಲ್ಲಿಯೂ ಭಾನುವಾರದ ಊಟದ ಹೊತ್ತಿಗೆ ಇದೇ ಜಗಳವಂತೆ. ಈ ಟೀಕೆ ನನಗೆ ಸರಿಕಾಣುವುದಿಲ್ಲ. ಹತ್ತು ವರ್ಷದ ಕರಾರು ಬರೆದವರು ಇಪ್ಪತ್ಮೂರರ ಮೊಣಕಾಲಿಗಷ್ಟೇ ಬೆಲೆ ಕಟ್ಟಿದರೆ? ಮೂವತ್ಮೂರರ ಮೊಣಕಾಲೂ ಆ ಕಾಗದದಲ್ಲಿ ಇತ್ತು. ಮುಂದೆ ಬೆಲೆ ಏರಬಹುದಾಗಿದ್ದ ಆಟಗಾರನನ್ನು ಅಂದಿನ ಬೆಲೆಗೆ ಕಟ್ಟಿಹಾಕಿದ ಲಾಭ ತಂಡಕ್ಕೆ ಸಿಕ್ಕಿತು. ಮಿತಿ ಏರುತ್ತ ಹೋದಂತೆ ಆತನ ಪಾಲು ಹನ್ನೆರಡರಲ್ಲೊಂದಕ್ಕೆ ಇಳಿಯಿತು. ಲಾಭದ ವರ್ಷಗಳನ್ನು ಉಂಡು, ನಷ್ಟದ ವರ್ಷಗಳಲ್ಲಿ ಎತ್ತನ್ನು ಬಯ್ಯುವುದು ಒಕ್ಕಲುತನದವರ ಲಕ್ಷಣವಲ್ಲ. ಹತ್ತು ವರ್ಷದ ಕರಾರು ಜಾಣತನವೆ ಎಂದು ಕೇಳಿದರೆ, ಅಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ಆ ತಪ್ಪು ಬರೆಸಿಕೊಂಡವನದಲ್ಲ, ಬರೆದುಕೊಟ್ಟವರದು.

ದೊಡ್ಡ ಮೊತ್ತಕ್ಕಿಂತ ನನಗೆ ಹೇಸಿಗೆ ತರುವುದು ಸುಳ್ಳು ಲೆಕ್ಕ. ಮೆಲ್ಬರ್ನ್ ಸ್ಟಾರ್ಮ್ ತಂಡದ ಆಡಳಿತ ಎರಡು ಬಗೆಯ ದಾಖಲೆಗಳನ್ನಿಟ್ಟು ಮಿತಿಯನ್ನು ಮೀರಿ ಹಣ ಕೊಟ್ಟದ್ದು 2010ರಲ್ಲಿ ಬಯಲಾಯಿತು. 2007 ಮತ್ತು 2009ರ ಕಿರೀಟಗಳನ್ನು ಕಸಿದುಕೊಂಡರು. ಆ ವರ್ಷ ಗೆದ್ದರೂ ಅಂಕವಿಲ್ಲದೆ ಆಡಬೇಕಾಯಿತು. ಮಾತು ತಪ್ಪುವುದೂ ಇದೆ. 2015ರಲ್ಲಿ ಮ್ಯಾನ್ಲಿ ತಂಡದ ಡೇಲಿ ಚೆರ್ರಿ-ಇವಾನ್ಸ್, ಗೋಲ್ಡ್ ಕೋಸ್ಟ್ ತಂಡಕ್ಕೆ ಬರುವೆನೆಂದು ಸಹಿ ಮಾಡಿ, ಅಂದಿನ ನಿಯಮದಲ್ಲಿದ್ದ ಅವಕಾಶವನ್ನು ಬಳಸಿ ಹಿಂದೆ ಸರಿದು, ಇದ್ದ ತಂಡದಲ್ಲಿಯೇ ದೀರ್ಘ ಕರಾರು ಪಡೆದ. ನಿಯಮ ಒಪ್ಪಿತು, ಜನ ಒಪ್ಪಲಿಲ್ಲ, ನಾನೂ ಒಪ್ಪಲಾರೆ. ಆದರೂ, ನ್ಯಾಯಕ್ಕೆ ಹೇಳಬೇಕೆಂದರೆ, ಆತ ಮುಂದೆ 2025ರವರೆಗೆ ಆ ತಂಡಕ್ಕಾಗಿಯೇ ಆಡಿ ಋಣ ತೀರಿಸಿದ.

ಹಾಗಾದರೆ ಉಳಿದವರ ತಟ್ಟೆಯ ಮಾತೇನು? 2023ರಲ್ಲಿ ಆಟಗಾರರ ಸಂಘ ಬಹುಕಾಲ ಜಗ್ಗಾಡಿ ಮಾಡಿಕೊಂಡ ಒಪ್ಪಂದದಂತೆ, ಮೂವತ್ತರಲ್ಲಿ ಕಡೆಯವನಿಗೂ ವರ್ಷಕ್ಕೆ ಸುಮಾರು 1 ಲಕ್ಷ 20 ಸಾವಿರ ಡಾಲರಿಗೆ ಕಡಿಮೆಯಿರಕೂಡದು. ಇದು ನನಗೆ ತಾರೆಯ ಹತ್ತು ಲಕ್ಷಕ್ಕಿಂತ ಮುಖ್ಯವಾದ ಅಂಕಿ. ಕಡೆಯವನ ಹೊಟ್ಟೆ ತುಂಬುವಂತಿದ್ದರೆ ಮೊದಲಿನವನಿಗೆ ತುಪ್ಪ ಬಡಿಸಿದ್ದಕ್ಕೆ ಪಂಕ್ತಿಯವರು ಮುನಿಯುವುದಿಲ್ಲ. ಆ ಪಂಕ್ತಿಯ ಹೊರಗೆ, ಕೆಳಹಂತದ ಲೀಗುಗಳಲ್ಲಿ ಹಗಲೆಲ್ಲ ಬೇರೆ ದುಡಿಮೆ ಮಾಡಿ ಸಂಜೆ ಅಭ್ಯಾಸಕ್ಕೆ ಬರುವವರು ಇಂದಿಗೂ ಇದ್ದಾರೆ. 2018ರಲ್ಲಿ ನಾಲ್ಕು ತಂಡಗಳೊಡನೆ ಆರಂಭವಾದ ಮಹಿಳೆಯರ ಪಂದ್ಯಾವಳಿಯಲ್ಲಿ ಆಡಿದ ಹೆಣ್ಣುಮಕ್ಕಳೂ ಬೇರೆ ನೌಕರಿಯನ್ನು ನೆಚ್ಚಿಕೊಂಡೇ ಆಡಿದರು. ತೌಮಲೋಲೊನ ಪಗಾರವನ್ನು ಕುರಿತು ಊಟದ ಮೇಜಿನಲ್ಲಿ ಜಗಳವಾಡುವವರು ಇವರನ್ನು ನೆನೆದಂತೆ ಕಾಣುವುದಿಲ್ಲ.

ಇಷ್ಟನ್ನೆಲ್ಲ ಹೇಳಿದ ಮೇಲೆ ಯಜಮಾನರು ಬಹಳ ಹೊತ್ತು ಸುಮ್ಮನಿದ್ದರು. ಆತನಿಗೆ ಆ ಹಣ ಸಲ್ಲತಕ್ಕದ್ದೇ ಎಂಬ ನನ್ನ ಮಾತು ಅವರಿಗೆ ಪೂರ್ಣ ರುಚಿಸಿದಂತೆ ತೋರಲಿಲ್ಲ. "ಅದೆಲ್ಲ ಇರಲ್ರೀ, ಮೊಮ್ಮಗನಿಗೆ ಏನ್ ಹೇಳ್ಲಿ?" ಎಂದರು.

ಹುಡುಗನಿಗೆ ಕಿರಿಯರ ತಂಡದವರು ಕಳಿಸಿದ ಕಾಗದ ಮನೆಯಲ್ಲಿದೆಯೆ ಎಂದು ಕೇಳಿದೆ. ಇದೆಯೆಂದರು, ಎಂಟು ಹಾಳೆ. ಗಾಯವಾದರೆ ಚಿಕಿತ್ಸೆಯ ಖರ್ಚು ಯಾರದು, ಆಡಲಾಗದೆ ಹೋದರೆ ಓದಿಗೆ ಏನು ನೆರವು, ಇದು ಎಷ್ಟನೆಯ ಹಾಳೆಯಲ್ಲಿದೆ ಎಂದೆ.

"ಹಣದ ಹಾಳಿ ಎಲ್ಲಾರೂ ಓದ್ಯಾರ್ರೀ," ಎಂದು ಅವರು ಮೆಲ್ಲಗೆ ನುಡಿದರು. "ಅದನ್ನ ಯಾರೂ ಓದಿಲ್ಲ." ಅಂದು ರಾತ್ರಿಯೇ ಮಗನಿಗೆ ಫೋನು ಮಾಡುವೆನೆಂದು ಹೇಳಿ ಎದ್ದರು.