ಎತ್ತುವ ಹಗ್ಗದ ಲೆಕ್ಕ ಕೇಳುವವರು ಯಾರು?

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಆನಂದಪುರದಂಥ ಊರುಗಳನ್ನು ಹಾದುಹೋಗುವವರಿಗೆ ಒಂದು ದೃಶ್ಯ ಹೊಸದೇನಲ್ಲ. ರಸ್ತೆ ಬದಿಯಲ್ಲಿ ಹೈಡ್ರಾ ಕ್ರೇನ್ ನಿಂತಿರುತ್ತದೆ. ಅದರ ಕೊಂಡಿಯಿಂದ ಎರಡು ಬಣ್ಣಗೆಟ್ಟ ಬೆಲ್ಟುಗಳು ಇಳಿಬಿದ್ದಿರುತ್ತವೆ. ಬೆಲ್ಟಿನಲ್ಲಿ ನಾಟಾ ದಿಮ್ಮಿಯೋ ಕಾಂಕ್ರೀಟ್ ಕಂಬವೋ ಟ್ರಾನ್ಸ್‌ಫಾರ್ಮರೋ ತೂಗಾಡುತ್ತಿರುತ್ತದೆ. ಭಾರ ಒಂದು ಕಡೆಗೆ ವಾಲಿದರೆ ಸರಿದೂಗಿಸಲು ಓರ್ವ ಯುವಕ ಅದರ ಮೇಲೆಯೇ ಹತ್ತಿ ಕುಳಿತಿರುತ್ತಾನೆ. ಕೆಳಗೆ ನಿಂತವರಲ್ಲಿ ಕೆಲವರು ಕೂಗುತ್ತಾರೆ, ಕೆಲವರು ಕೈಬೀಸುತ್ತಾರೆ, ಉಳಿದವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ. ಕೆಲಸ ಮುಗಿದರೆ ಎಲ್ಲರೂ ಚಹಾ ಕುಡಿಯಲು ಹೋಗುತ್ತಾರೆ. ಮುಗಿಯದಿದ್ದರೆ ಮರುದಿನದ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ.

2020ರ ಆಗಸ್ಟ್ 1ರಂದು ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್‌ನಲ್ಲಿ ಹೊಸ ಕ್ರೇನೊಂದನ್ನು ಪರೀಕ್ಷಿಸುತ್ತಿದ್ದಾಗಲೇ ಅದು ಕುಸಿದು 11 ಮಂದಿ ಸತ್ತರು. ಸರಿಯಾಗಿ ಮೂರು ವರ್ಷಗಳ ಬಳಿಕ, 2023ರ ಆಗಸ್ಟ್ 1ರ ನಸುಕಿನಲ್ಲಿ, ಮಹಾರಾಷ್ಟ್ರದ ಶಹಾಪುರದ ಬಳಿ ಸಮೃದ್ಧಿ ಹೆದ್ದಾರಿಯ ಸೇತುವೆ ಕಾಮಗಾರಿಯಲ್ಲಿ ಗರ್ಡರ್ ಎತ್ತುವ ಯಂತ್ರ ಬಿದ್ದು 20 ಮಂದಿ ಬಲಿಯಾದರು. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕೋಗಿಲು ಕ್ರಾಸ್ ಬಳಿ ಮೆಟ್ರೋ ಕಾಮಗಾರಿಗೆಂದು ಒಯ್ಯುತ್ತಿದ್ದ ಬೃಹತ್ ಕಾಂಕ್ರೀಟ್ ಭಾಗವೊಂದು ಟ್ರೇಲರಿನಿಂದ ಜಾರಿ ಆಟೋ ಮೇಲೆ ಬಿತ್ತು. ದುಡಿದು ಮನೆ ಸೇರಬೇಕಾಗಿದ್ದ ಚಾಲಕ ಅಲ್ಲೇ ಸತ್ತ. ಕಾಮಗಾರಿಗೂ ಆತನಿಗೂ ಏನು ಸಂಬಂಧವಿತ್ತು? ಅದೇ ರಸ್ತೆಯಲ್ಲಿ ಹೋಗುತ್ತಿದ್ದ ಎಂಬುದನ್ನು ಬಿಟ್ಟರೆ ಯಾವುದೂ ಇಲ್ಲ.

ಈ ಪತ್ರಿಕೆಯ ಓದುಗರಿಗೆ ಇನ್ನೊಂದು ಕ್ರೇನ್ ಮರೆತಿರಲಾರದು. 2015ರ ಸೆಪ್ಟೆಂಬರ್ 11ರ ಶುಕ್ರವಾರ ಸಂಜೆ, ಹಜ್ಜ್‌ಗೆ ಕೆಲವೇ ದಿನಗಳಿರುವಾಗ, ಮಕ್ಕಾದ ಮಸ್ಜಿದುಲ್ ಹರಾಮ್‌ನ ವಿಸ್ತರಣಾ ಕಾಮಗಾರಿಯ ಬೃಹತ್ ಕ್ರೇನ್ ಗಾಳಿ ಮಳೆಗೆ ಉರುಳಿತು. ನೂರಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಅವರಲ್ಲಿ ಭಾರತೀಯ ಹಜ್ಜ್ ಯಾತ್ರಿಕರೂ ಇದ್ದರು. ಪುಣ್ಯಭೂಮಿಯಲ್ಲಿ, ಪುಣ್ಯ ದಿನದಲ್ಲಿ ಬಂದ ಮರಣ ಎಂದು ಅಂದು ನಮ್ಮಲ್ಲಿ ಬಹುತೇಕರು ಸಮಾಧಾನ ಹೇಳಿಕೊಂಡೆವು. ಆ ಸಮಾಧಾನ ತಪ್ಪೆಂದು ಹೇಳುವ ಅಧಿಕಾರ ನಮಗಿಲ್ಲ. ಆದರೆ ತನಿಖೆ ಹೇಳಿದ್ದೇನು? ಕೆಲಸವಿಲ್ಲದ ವೇಳೆಯಲ್ಲಿ ಕ್ರೇನಿನ ತೋಳನ್ನು ಕೆಳಗಿಳಿಸಿಡಬೇಕೆಂದು ತಯಾರಕರ ಸೂಚನೆಯಲ್ಲೇ ಇತ್ತು, ಅದನ್ನು ಎತ್ತಿದಂತೆಯೇ ಬಿಡಲಾಗಿತ್ತು. 2017ರಲ್ಲಿ ಅಲ್ಲಿನ ನ್ಯಾಯಾಲಯ, ಇದು ಪ್ರಕೃತಿಯ ಮುನಿಸು ಎಂದು ಆರೋಪಿಗಳನ್ನು ಬಿಡುಗಡೆ ಮಾಡಿತು. ಆದರೆ ಪ್ರಕರಣ ಅಲ್ಲಿಗೆ ನಿಲ್ಲಲಿಲ್ಲ. 2023ರಲ್ಲಿ ಗುತ್ತಿಗೆ ಕಂಪನಿಯನ್ನೇ ಹೊಣೆಯಾಗಿಸಿ 2 ಕೋಟಿ ರಿಯಾಲ್ ದಂಡ ವಿಧಿಸಲಾಯಿತು. ಒಂಟೆಯನ್ನು ಕಟ್ಟದೆ ತವಕ್ಕುಲ್‌ನ ಮಾತಾಡುವವರಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕೇ? ಗಾಳಿ ಅಲ್ಲಾಹನದ್ದೇ ಇರಬಹುದು, ತೋಳನ್ನು ಇಳಿಸುವ ಗುಂಡಿ ಮಾತ್ರ ಮನುಷ್ಯನ ಕೈಯಲ್ಲಿತ್ತು.

ಕ್ರೇನ್ ಬೀಳುವುದು ಸುದ್ದಿಯಾಗುತ್ತದೆ. ಬೆಲ್ಟು ಹರಿಯುವುದು ಸುದ್ದಿಯಾಗುವುದು ಕಡಿಮೆ. ನಿಜವಾಗಿ ನಮ್ಮ ಊರುಗಳ ಅಪಾಯ ಅಡಗಿರುವುದು ಇಲ್ಲಿಯೇ. ಎರಡು ಟನ್ ತೂಕದ ಕಂಬವನ್ನು ಎರಡು ಬೆಲ್ಟುಗಳಲ್ಲಿ ಎತ್ತುವಾಗ ಒಂದೊಂದಕ್ಕೂ ಒಂದು ಟನ್ ಭಾರ ಬೀಳುತ್ತದೆ ಎಂದು ಎಲ್ಲರೂ ಭಾವಿಸುತ್ತಾರೆ. ಬೆಲ್ಟುಗಳು ನೆಟ್ಟಗೆ ನಿಂತಾಗ ಮಾತ್ರ ಈ ಲೆಕ್ಕ ಸರಿ. ಒಂದೇ ಕೊಂಡಿಯಿಂದ ಅವು ಇಬ್ಬದಿಗೆ ಚಾಚಿ, ನೆಲಕ್ಕೆ 60 ಡಿಗ್ರಿ ಕೋನದಲ್ಲಿದ್ದರೆ ಒಂದೊಂದರ ಮೇಲಿನ ಎಳೆತ ಸುಮಾರು 1.15 ಟನ್. 45 ಡಿಗ್ರಿಗೆ ಇಳಿದರೆ 1.4 ಟನ್ ದಾಟುತ್ತದೆ. 30 ಡಿಗ್ರಿಗೆ ಬಂದರೆ ಪೂರ್ತಿ ಎರಡು ಟನ್. ಎಂದರೆ ಎರಡು ಬೆಲ್ಟು ಹಾಕಿಯೂ ಒಂದೊಂದೂ ಇಡೀ ಕಂಬವನ್ನು ಹೊತ್ತಷ್ಟೇ ಆಯಿತು! ಬೆಲ್ಟು ಗಿಡ್ಡವಾದಷ್ಟೂ ಕೋನ ಕುಗ್ಗುತ್ತದೆ, ಕೋನ ಕುಗ್ಗಿದಷ್ಟೂ ಎಳೆತ ಹೆಚ್ಚುತ್ತದೆ. ಗಿಡ್ಡ ಬೆಲ್ಟಿನಲ್ಲಿ ಭಾರ ಹೆಚ್ಚು ಅಲುಗಾಡುವುದಿಲ್ಲ ಎಂಬ ಕಾರಣಕ್ಕೆ ಅದನ್ನೇ ಆರಿಸುವವನಿಗೆ ಈ ಲೆಕ್ಕವನ್ನು ಯಾರಾದರೂ ಹೇಳಿಕೊಟ್ಟಿದ್ದಾರೆಯೇ? ಹತ್ತನೇ ತರಗತಿಯ ಗಣಿತ ಪುಸ್ತಕದ ತ್ರಿಕೋನಮಿತಿ ಪರೀಕ್ಷೆಯ ಹಾಳೆಯಿಂದಾಚೆ ಜೀವ ಉಳಿಸಬಲ್ಲದೆಂದು ನಮಗಂತೂ ಯಾರೂ ಹೇಳಿರಲಿಲ್ಲ.

ಪಾಲಿಯೆಸ್ಟರ್ ಬೆಲ್ಟಿನ ಬಣ್ಣಕ್ಕೂ ಅರ್ಥವಿದೆ. ನೇರಳೆಯದ್ದು ಒಂದು ಟನ್‌ಗೆ, ಹಸಿರು ಎರಡಕ್ಕೆ, ಹಳದಿ ಮೂರಕ್ಕೆ. ಅಂಚಿನಲ್ಲಿ ಹೊಲಿದ ಚೀಟಿಯಲ್ಲಿ ಸುರಕ್ಷಿತ ಭಾರದ ಮಿತಿ ಬರೆದಿರುತ್ತದೆ. ಚೀಟಿ ಹರಿದುಹೋದ ಬೆಲ್ಟನ್ನು ಬಳಸಲೇಬಾರದು ಎಂಬುದು ನಿಯಮ. ಹೊಲಿಗೆ ಬಿಚ್ಚಿದ್ದರೂ ಅಂಚು ಕೊಯ್ದಿದ್ದರೂ ಅದನ್ನು ಕತ್ತರಿಸಿ ಎಸೆಯಬೇಕೇ ಹೊರತು ಗಂಟು ಹಾಕಿ ಮತ್ತೆ ಬಳಸುವಂತಿಲ್ಲ. ಗಂಟು ಬೆಲ್ಟಿನ ಶಕ್ತಿಯನ್ನು ಅರ್ಧದಷ್ಟು ತಿನ್ನಬಲ್ಲದು. ಬೆಲ್ಟಿನಲ್ಲಿ ಸಾಮಾನ್ಯವಾಗಿ ಏಳು ಪಟ್ಟು, ಉಕ್ಕಿನ ಹಗ್ಗದಲ್ಲಿ ಐದು ಪಟ್ಟು ಹೆಚ್ಚುವರಿ ಶಕ್ತಿಯನ್ನು ಇಟ್ಟೇ ತಯಾರಿಸುತ್ತಾರೆ. ದುರಂತವೆಂದರೆ, ಅಚಾತುರ್ಯಕ್ಕೆಂದು ಮೀಸಲಿಟ್ಟ ಈ ಶಕ್ತಿಯನ್ನು ನಮ್ಮವರು ದಿನನಿತ್ಯದ ಅನುಮತಿ ಎಂದುಕೊಂಡಿದ್ದಾರೆ. ನಿನ್ನೆ ಹರಿಯಲಿಲ್ಲ, ಆದ್ದರಿಂದ ಇಂದೂ ಹರಿಯದು! ಗ್ರಾನೈಟಿನ ಹರಿತ ಅಂಚಿಗೂ ಬೆಲ್ಟಿಗೂ ನಡುವೆ ಹಳೆಯ ಟಯರಿನ ತುಂಡು ಇಡುವಷ್ಟು ವ್ಯವಧಾನವೂ ಇರುವುದಿಲ್ಲ. ಕ್ರೇನಿನ ಬಾಡಿಗೆ ಉಳಿಸಲು ಜೆಸಿಬಿಯ ಬಕೆಟ್ಟಿನ ಹಲ್ಲಿಗೆ ಸರಪಳಿ ಸಿಕ್ಕಿಸುವುದಂತೂ ಮಾಮೂಲಾಗಿದೆ. ಮಣ್ಣು ತೋಡುವ ಹಲ್ಲಿನಿಂದ ಸರಪಳಿ ಜಾರದಂತೆ ತಡೆಯಲು ಅಲ್ಲಿ ಏನೂ ಇಲ್ಲ. ತಲೆಯ ಮೇಲಿನ ವಿದ್ಯುತ್ ತಂತಿಯನ್ನು ನೋಡದೆ ತೋಳೆತ್ತಿದರೆ ಬೆಲ್ಟು ಗಟ್ಟಿಯಿದ್ದೂ ಪ್ರಯೋಜನವಿಲ್ಲ. ಮೆಸ್ಕಾಂಗೆ ಮೊದಲೇ ತಿಳಿಸಿ ಮಾರ್ಗವನ್ನು ಸ್ಥಗಿತಗೊಳಿಸಲು ಕೋರುವವರು ಎಷ್ಟು ಮಂದಿ?

ಹಾಗಂತ ಈ ಶಿಸ್ತು ನಮಗೆ ಪರಕೀಯವೇನಲ್ಲ. ಬೇಪೂರಿನ ಮಾಪಿಳ್ಳ ಖಲಾಸಿಗಳು ಹಗ್ಗ, ರಾಟೆ ಮತ್ತು ಮರದ ದಿಮ್ಮಿಗಳ ಬಲದಿಂದಲೇ ಬೃಹತ್ ಉರುಗಳನ್ನು ನೀರಿಗಿಳಿಸುತ್ತಿದ್ದರು. 1988ರಲ್ಲಿ ಕೊಲ್ಲಂ ಬಳಿಯ ಪೆರುಮಣ್‌ನಲ್ಲಿ ರೈಲು ಅಷ್ಟಮುಡಿ ಹಿನ್ನೀರಿಗೆ ಉರುಳಿ ನೂರಕ್ಕೂ ಹೆಚ್ಚು ಮಂದಿ ಸತ್ತಾಗ, ಬೋಗಿಗಳನ್ನು ಮೇಲೆತ್ತಲು ಅವರನ್ನು ಕರೆಸಲಾಗಿತ್ತು. ಆ ತಂಡದಲ್ಲಿ ಹಾಡು ಎಲ್ಲರದ್ದು, ಆಜ್ಞೆ ಮಾತ್ರ ಒಬ್ಬ ಮೂಪ್ಪನದು. ಕ್ರೇನಿನ ಚಾಲಕನಿಗೆ ಸನ್ನೆ ಕೊಡುವವನು ಒಬ್ಬನೇ ಇರಬೇಕು, ನಿಲ್ಲಿಸು ಎಂಬ ಸನ್ನೆಯನ್ನು ಮಾತ್ರ ಯಾರು ಕೊಟ್ಟರೂ ಪಾಲಿಸಬೇಕು ಎಂದು ಇಂದಿನ ಸುರಕ್ಷತಾ ತಜ್ಞರು ಹೇಳುವುದು ಬಹುತೇಕ ಅದನ್ನೇ.

ಇನ್ನು ಕಾನೂನು. 1948ರ ಕಾರ್ಖಾನೆ ಕಾಯಿದೆಯ 29ನೇ ಸೆಕ್ಷನ್ ಎತ್ತುವ ಯಂತ್ರ, ಸರಪಳಿ, ಹಗ್ಗಗಳನ್ನು ಅರ್ಹ ವ್ಯಕ್ತಿಯಿಂದ ಕನಿಷ್ಠ 12 ತಿಂಗಳಿಗೊಮ್ಮೆ ಕೂಲಂಕಷವಾಗಿ ಪರೀಕ್ಷಿಸಿ ದಾಖಲಿಸಬೇಕೆಂದಿತ್ತು, ಸುರಕ್ಷಿತ ಭಾರವನ್ನು ಗುರುತಿಸಬೇಕೆಂದಿತ್ತು. 2025ರ ನವೆಂಬರ್ 21ರಂದು ಕೇಂದ್ರ ಸರಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಆ ಕಾಯಿದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆ ಬಂದಿದೆ. ಸುಧಾರಣೆ ಎಂದು ಬಣ್ಣಿಸಲಾದ ಈ ಸಂಹಿತೆಯಲ್ಲಿ, ಯಂತ್ರಶಕ್ತಿ ಬಳಸುವ ಘಟಕವೊಂದು ಕಾರ್ಖಾನೆ ಎನಿಸಿಕೊಳ್ಳಲು ಬೇಕಾದ ಕಾರ್ಮಿಕರ ಸಂಖ್ಯೆ 10ರಿಂದ 20ಕ್ಕೆ ಏರಿದೆ. ಹದಿನೈದು ಮಂದಿಯ ಸಾ ಮಿಲ್ಲು ನಿನ್ನೆ ಕಾರ್ಖಾನೆಯಾಗಿತ್ತು, ಇಂದು ಅಲ್ಲ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಇರುವಲ್ಲಿ ಸಂಹಿತೆಯ ಸಾಮಾನ್ಯ ಕರ್ತವ್ಯಗಳೇನೋ ಅನ್ವಯಿಸುತ್ತವೆ. ಆದರೆ ಒಂದು ಕ್ರೇನ್, ಓರ್ವ ಚಾಲಕ, ಇಬ್ಬರು ಸಹಾಯಕರು, ಅರ್ಧ ದಿನದ ಬಾಡಿಗೆ—ಇವರು ಯಾರ ಲೆಕ್ಕಕ್ಕೆ ಬರುತ್ತಾರೆ? ಮಲೆನಾಡಿನ ಹೆಚ್ಚಿನ ಭಾರಗಳನ್ನು ಎತ್ತುವವರು ಇವರೇ ಎಂಬುದು ದಿಲ್ಲಿಗೆ ತಿಳಿದಂತಿಲ್ಲ.

2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಲಿಂಗನಮಕ್ಕಿಯ ಹಿನ್ನೀರಿನಿಂದ ಬೇರ್ಪಟ್ಟ ಜನ ದಶಕಗಳ ಕಾಲ ಕಾದು ಪಡೆದ 2.44 ಕಿಲೋಮೀಟರಿನ ಸೇತುವೆ. ಅದು ಯಾರ ಸಾಧನೆ ಎಂಬ ಬಗ್ಗೆ ಪಕ್ಷಗಳ ನಡುವೆ ವಾಗ್ವಾದವೇ ನಡೆಯಿತು. ನೀರಿನ ಮೇಲೆ ನಿಂತು ಅದರ ಭಾಗಗಳಿಗೆ ಹಗ್ಗ ಬಿಗಿದವರ ಮಾತು ಆ ವಾಗ್ವಾದದಲ್ಲಿ ಬರಲಿಲ್ಲ. ಇಂಥ ಕಾರ್ಮಿಕರಿಗೆ ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಿದೆ. ವರ್ಷದಲ್ಲಿ 90 ದಿನ ನಿರ್ಮಾಣ ಕೆಲಸ ಮಾಡಿದ, 18ರಿಂದ 60ರೊಳಗಿನ ಯಾರೂ ನೋಂದಾಯಿಸಿಕೊಳ್ಳಬಹುದು. ಕೆಲಸವನ್ನೇ ಮಾಡದವರು ಕಾರ್ಡು ಪಡೆದದ್ದು ಗದ್ದಲವಾಯಿತು; ಬೆಲ್ಟು ಕಟ್ಟುವ ಹುಡುಗನ ಜೇಬಿನಲ್ಲಿ ಕಾರ್ಡು ಇದೆಯೇ ಎಂದು ಕೇಳಿದವರು ಕಡಿಮೆ.

ಸರಕಾರವನ್ನು ಪ್ರಶ್ನಿಸುವಾಗ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕಲ್ಲವೇ? ಊರೂರಲ್ಲಿ ಮಸೀದಿಗಳ ಪುನರ್ನಿರ್ಮಾಣ ನಡೆಯುತ್ತಿದೆ. ಸಿದ್ಧ ಗುಂಬಝ್‌ಗಳು, ಮಿನಾರದ ತುದಿಗಳು ಲಾರಿಯಲ್ಲಿ ಬಂದು ಕ್ರೇನಿನಲ್ಲಿ ಏರುತ್ತವೆ. ಅದನ್ನು ನೋಡಲು ಮದ್ರಸದ ಮಕ್ಕಳನ್ನೂ ಅಂಗಳದಲ್ಲಿ ನಿಲ್ಲಿಸಲಾಗುತ್ತದೆ, ತೂಗುವ ಭಾರದ ನೇರ ಕೆಳಗೆ. ಕಟ್ಟಡ ಸಮಿತಿಯ ಸಭೆಯಲ್ಲಿ ಅಮೃತಶಿಲೆಯ ಬಣ್ಣದ ಬಗ್ಗೆ ಎರಡು ತಾಸು ಚರ್ಚೆಯಾಗುತ್ತದೆ. ಕ್ರೇನಿನ ಬಗ್ಗೆ ಕೇಳುವ ಏಕೈಕ ಪ್ರಶ್ನೆ, ಯಾರದು ಕಡಿಮೆ ಬಾಡಿಗೆ ಎಂಬುದು. ಮುಂದಿನ ಸಭೆಯಲ್ಲಿ ಇನ್ನೂ ಮೂರು ಪ್ರಶ್ನೆ ಕೇಳಲಿ: ಕ್ರೇನಿನ ಪರೀಕ್ಷಾ ಪತ್ರದ ದಿನಾಂಕ ಯಾವುದು, ಗುಂಬಝ್‌ನ ತೂಕ ಎಷ್ಟು, ಬೆಲ್ಟಿನ ಚೀಟಿಯಲ್ಲಿ ಬರೆದಿರುವುದು ಎಷ್ಟು? ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಅಧ್ಯಕ್ಷರು ಸಹಿ ಹಾಕಿದ ಮೇಲೆಯೇ ಕ್ರೇನಿಗೆ ಮುಂಗಡ ಕೊಡಲಿ.