ಗೋಡೆ ದಾಟಿ ಬರುವ ವೈಫೈ ಗದ್ದಲ



ನಿಪ್ಪಾಣಿಯ ಪೇಟೆ ಓಣಿಗಳಲ್ಲಿ ಮನೆಗೆ ಮನೆ ತಾಗಿಕೊಂಡಿವೆ. ಕೆಳಗೆ ಅಂಗಡಿ, ಮೇಲೆ ಬಾಡಿಗೆ ಮನೆ. ಈಗ ಮಹಡಿಗೊಂದು ವೈಫೈ ಪೆಟ್ಟಿಗೆ. ಸಂಜೆಯಾದರೆ ಮಗಳ ಆನ್‌ಲೈನ್ ಪಾಠ ನಿಂತು ನಿಂತು ಓಡುತ್ತಿತ್ತು. ಕೇಬಲ್‌ನವರಿಗೆ ಎರಡು ತಿಂಗಳು ಬೈದೆ, ತಪ್ಪು ಅವರದಾಗಿರಲಿಲ್ಲ. ಮೊಬೈಲಿನಲ್ಲಿ ನೋಡಿದರೆ ಅಕ್ಕಪಕ್ಕದ ಹದಿನೇಳು ವೈಫೈ, ಹೆಚ್ಚಿನವು ನಮ್ಮ ಚಾನೆಲ್ಲಿನ ಆಸುಪಾಸಿನಲ್ಲೇ.

ವೈಫೈನ 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ನಮ್ಮ ದೇಶದಲ್ಲಿ 13 ಚಾನೆಲ್ ಇದ್ದರೂ ಒಂದನ್ನೊಂದು ತುಳಿಯದಂತೆ ಸಾಮಾನ್ಯವಾಗಿ ಬಳಸುವುದು 1, 6, 11 ಮೂರನ್ನೇ. ಒಂದೇ ಚಾನೆಲ್ಲಿನ ಪೆಟ್ಟಿಗೆಗಳು ಸರದಿಯಲ್ಲಾದರೂ ಮಾತಾಡುತ್ತವೆ. 3, 4 ಆರಿಸಿದರೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಕೂಗಿದಂತೆ. ಮನೆಯ ವೈಫೈಗೆ ಲೈಸೆನ್ಸ್ ಬೇಕಿಲ್ಲ, ಹಾಗಾಗಿ ಪಕ್ಕದವರ ಮೇಲೆ ದೂರುವಂತೆಯೂ ಇಲ್ಲ.

ಕೊನೆಗೆ ಪಕ್ಕದ ಮನೆಯ ಕಾಕಾ ಜೊತೆ ಚಹಾ ಕುಡಿಯುತ್ತಾ ಅವರದು 1, ನಮ್ಮದು 11 ಮಾಡಿಕೊಂಡೆವು. ಪಾಠದ ಕೋಣೆಗೆ 5 ಗಿಗಾಹರ್ಟ್ಸ್. ಅದು ಗೋಡೆ ದಾಟಲು ಸೋಲುತ್ತದೆ, ಇಲ್ಲಿ ಅದೇ ಅನುಕೂಲ: ಪಕ್ಕದವರ ಗದ್ದಲ ಒಳಗೆ ಬರುವುದು ಕಡಿಮೆ.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದಲ್ಲೂ ವೈಫೈ ಕೂಡಿಸಲು ಬರುವ ಹುಡುಗರು ಐದು ನಿಮಿಷ ಸುತ್ತಲಿನ ಚಾನೆಲ್ ನೋಡಿ ಹೋಗಲಿ. ಕಂಪನಿಗಳು ಇದನ್ನು ಅವರಿಗೆ ಕಲಿಸಬೇಕು.

– ಒಬ್ಬ ಓದುಗ, ನಿಪ್ಪಾಣಿ